ಪ್ರಶ್ನೋತ್ತರ: ವಿಂಡೋಸ್‌ನಲ್ಲಿರುವ ಹಳೆಯ ಪೋಸ್ಟ್‌ಗ್ರೆಸ್ ದತ್ತಾಂಶವನ್ನು ಉಬುಂಟುವಿಗೆ ಸಾಗಿಸುವುದು

ಪ್ರಶ್ನೆ: ನಮಸ್ಕಾರ ಮೇಡಂ. ನಮ್ಮ ಪತ್ತಿನ ಸಹಕಾರ ಸಂಘದ ಸದಸ್ಯರ ದಾಖಲೆಗಳೆಲ್ಲ ವಿಂಡೋಸ್ ಸರ್ವರ್ ಒಂದರಲ್ಲಿ, ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ತಂತ್ರಾಂಶದ 9.6ನೇ ಆವೃತ್ತಿಯಲ್ಲಿವೆ, ಒಟ್ಟು ಸುಮಾರು 40 ಜಿಬಿ. ಈಗ ಉಬುಂಟು 24.04 ಇರುವ ಹೊಸ ಯಂತ್ರ ಬಂದಿದ್ದು, ಅದರಲ್ಲಿ ಪೋಸ್ಟ್‌ಗ್ರೆಸ್ 16 ಹಾಕಿದ್ದೇವೆ. ಹಳೆಯ ಸರ್ವರನ್ನು ನಿಲ್ಲಿಸಿ, ಡೇಟಾ ಫೋಲ್ಡರನ್ನು ಹಾಗೆಯೇ ನಕಲು ಮಾಡಿ ಹೊಸದರಲ್ಲಿ ಇಟ್ಟರೆ ಸಾಲದೇ? ಹೆಸರು, ವಿಳಾಸಗಳೆಲ್ಲ ಕನ್ನಡದಲ್ಲಿವೆ.

ಉತ್ತರ: ನಮಸ್ಕಾರ. ಸಾಲದು, ಹಾಗೆ ಇಟ್ಟರೆ ಹೊಸ ಸರ್ವರ್ ಶುರುವಾಗುವುದೇ ಇಲ್ಲ. ಪೋಸ್ಟ್‌ಗ್ರೆಸ್‌ನ ಪ್ರತಿಯೊಂದು ಮುಖ್ಯ ಆವೃತ್ತಿಗೂ ಡೇಟಾ ಫೋಲ್ಡರಿನ ಒಳರಚನೆ ಬೇರೆಯಾಗಿರಬಹುದಾದ್ದರಿಂದ, 16ನೇ ಆವೃತ್ತಿಯು 9.6ರ ಫೋಲ್ಡರನ್ನು ಕಂಡೊಡನೆ ‘ಇದು ನನಗೆ ಹೊಂದುವುದಿಲ್ಲ’ ಎಂದು ನಿಂತುಬಿಡುತ್ತದೆ. ಪಿಜಿ-ಅಪ್‌ಗ್ರೇಡ್ ಎಂಬ ಸಾಧನವಿದೆಯಾದರೂ, ಹಳೆಯ ಮತ್ತು ಹೊಸ ಆವೃತ್ತಿಗಳೆರಡೂ ಒಂದೇ ಯಂತ್ರದಲ್ಲಿ ಇರಬೇಕೆಂಬ ಷರತ್ತು ಅದಕ್ಕಿರುವುದರಿಂದ, ವಿಂಡೋಸ್‌ನಿಂದ ಲಿನಕ್ಸ್‌ಗೆ ಹೋಗುವವರಿಗೆ ಅದು ಉಪಯೋಗಕ್ಕೆ ಬಾರದು. ಫೈಲುಗಳನ್ನು ಬಿಟ್ಟು ಅವುಗಳೊಳಗಿನ ವಿಷಯವನ್ನು ಮಾತ್ರ ಸಾಗಿಸಬೇಕು, ಅಂದರೆ ಆ ವಿಷಯವನ್ನೆಲ್ಲ ಒಂದು ಫೈಲಿಗೆ ಬರೆಸಿ (ಡಂಪ್), ಅದರಿಂದ ಹೊಸ ಸರ್ವರಿಗೆ ತುಂಬಬೇಕು (ರಿಸ್ಟೋರ್).

ಡಂಪ್ ತೆಗೆಯಲು ಹೊಸ ಆವೃತ್ತಿಯೊಂದಿಗೆ ಬರುವ ಪಿಜಿ-ಡಂಪ್ ಎಂಬ ಸಾಧನವನ್ನೇ ಬಳಸಿ. ಹೊಸದಕ್ಕೆ ಹಳೆಯ ಸರ್ವರಿನ ಭಾಷೆ ಗೊತ್ತು (16ನೆಯದು 9.2ರವರೆಗೂ ಹಿಂದಕ್ಕೆ ಓದಬಲ್ಲದು), ಹಳೆಯದಕ್ಕೆ ಹೊಸ ಸರ್ವರ್ ಏನನ್ನು ನಿರೀಕ್ಷಿಸುತ್ತದೆಂಬುದು ಗೊತ್ತಿಲ್ಲ. ಉಬುಂಟು ಯಂತ್ರದಿಂದಲೇ ಜಾಲದ ಮೂಲಕ ವಿಂಡೋಸ್ ಸರ್ವರಿಗೆ ಸಂಪರ್ಕ ಕಲ್ಪಿಸಿ, ಕಸ್ಟಮ್ ಫಾರ್ಮ್ಯಾಟಿನಲ್ಲಿ (ಇದು ಪಿಜಿ-ಡಂಪ್‌ನದೇ ಫೈಲ್ ರೂಪ) ಡಂಪ್ ತೆಗೆಯುವುದು ಅತ್ಯಂತ ನೇರವಾದ ದಾರಿ. ವಿಂಡೋಸ್‌ನಲ್ಲೇ ತೆಗೆಯಬೇಕಾಗಿ ಬಂದರೆ, ಪವರ್‌ಶೆಲ್‌ನ ಬಾಣದ ಗುರುತಿನಿಂದ (>) ಫೈಲಿಗೆ ಬರೆಸಬೇಡಿ. ವಿಂಡೋಸ್ ಜೊತೆಗೆ ಬರುವ ಪವರ್‌ಶೆಲ್ 5.1 ಅದನ್ನು ಯುಟಿಎಫ್-16 ಎಂಬ ಬೇರೆ ಅಕ್ಷರ-ಸಂಕೇತ ಕ್ರಮಕ್ಕೆ ಬದಲಿಸಿಬಿಡುತ್ತದೆ, ಆಮೇಲೆ ಆ ಫೈಲನ್ನು ಲಿನಕ್ಸ್‌ನಲ್ಲಿ ಓದಿಸಲಾಗುವುದಿಲ್ಲ. ಫೈಲಿನ ಹೆಸರನ್ನು ಪಿಜಿ-ಡಂಪ್‌ನ ಆಯ್ಕೆಯಾಗಿಯೇ ಕೊಡಿ.

ಬಳಕೆದಾರರ ಖಾತೆಗಳು ಈ ಡಂಪಿನಲ್ಲಿ ಬರುವುದಿಲ್ಲ. ಅವುಗಳನ್ನು ಪಿಜಿ-ಡಂಪ್‌ಆಲ್‌ನ ‘ಗ್ಲೋಬಲ್ಸ್ ಓನ್ಲಿ’ ಆಯ್ಕೆಯಿಂದ ಬೇರೆಯಾಗಿ ತೆಗೆಯಬೇಕು. ಹಳೆಯ ಪಾಸ್‌ವರ್ಡುಗಳು ಎಂಡಿ5 ಎಂಬ ಹಳೆಯ ಗೂಢರೂಪದಲ್ಲಿರುತ್ತವೆ, ಹೊಸ ಸರ್ವರ್ ಸ್ಕ್ರಾಮ್ ಎಂಬ ಹೊಸ ವಿಧಾನವನ್ನು ಕೇಳುತ್ತದೆ. ಆದ್ದರಿಂದ ಎಲ್ಲ ಖಾತೆಗಳಿಗೂ ಪಾಸ್‌ವರ್ಡ್ ಹೊಸದಾಗಿ ಕೊಟ್ಟುಬಿಡುವುದೇ ಲೇಸು.

ಇನ್ನು ಕನ್ನಡದ ವಿಚಾರ. ನಿಮ್ಮ ಡೇಟಾಬೇಸಿನ ಎನ್‌ಕೋಡಿಂಗ್ (ಅಕ್ಷರಗಳನ್ನು ಸಂಕೇತಗಳಾಗಿ ಉಳಿಸುವ ಕ್ರಮ) ಯುಟಿಎಫ್-8 ಆಗಿದ್ದರೆ ಅಕ್ಷರಗಳು ಕೆಡುವುದಿಲ್ಲ. ತೊಡಕು ಇರುವುದು ಲೊಕೇಲ್‌ನಲ್ಲಿ, ಅಂದರೆ ಅಕಾರಾದಿ ಜೋಡಣೆಯಂತಹ ಭಾಷಾ ನಿಯಮಗಳ ಸೆಟ್ಟಿಂಗಿನಲ್ಲಿ. ವಿಂಡೋಸ್‌ನಲ್ಲಿ ಅದರ ಹೆಸರು ‘ಇಂಗ್ಲಿಷ್ ಇಂಡಿಯಾ 1252’ ಎಂಬಂತೆ ಇರುತ್ತದೆ. ಆ ಹೆಸರು ಲಿನಕ್ಸ್‌ಗೆ ಅರ್ಥವಾಗದು, ಹೀಗಾಗಿ ಡೇಟಾಬೇಸನ್ನೂ ಡಂಪಿನಿಂದಲೇ ಸೃಷ್ಟಿಸಲು ಹೊರಟರೆ ಮೊದಲ ಹೆಜ್ಜೆಯಲ್ಲೇ ದೋಷ ಬರುತ್ತದೆ. ಖಾಲಿ ಡೇಟಾಬೇಸನ್ನು ನೀವೇ, ಟೆಂಪ್ಲೇಟ್-0 ಎಂಬ ಪೋಸ್ಟ್‌ಗ್ರೆಸ್‌ನ ಮೂಲ ಮಾದರಿಯ ಆಧಾರದ ಮೇಲೆ, ಯುಟಿಎಫ್-8 ಎನ್‌ಕೋಡಿಂಗ್ ಮತ್ತು ಐಸಿಯು (ಭಾಷೆಗಳ ಜೋಡಣೆ ನಿಯಮಗಳಿರುವ ಯುನಿಕೋಡ್ ತಂತ್ರಾಂಶ) ಲೊಕೇಲ್ ಕೊಟ್ಟು ರಚಿಸಿಕೊಂಡು, ಅದರೊಳಕ್ಕೆ ರಿಸ್ಟೋರ್ ಮಾಡಿ. ಇಡೀ ಡೇಟಾಬೇಸಿಗೆ ಐಸಿಯು ಆಯ್ದುಕೊಳ್ಳುವ ಅವಕಾಶ 15ನೇ ಆವೃತ್ತಿಯಿಂದ ಇದೆ. ಅಕ್ಷರಗಳನ್ನು ಸಂಕೇತ ಸಂಖ್ಯೆಯ ಕ್ರಮದಲ್ಲೇ ಜೋಡಿಸುವ ‘ಸಿ’ ಲೊಕೇಲ್ ವೇಗವಾದದ್ದು ಎಂದು ಯಾರಾದರೂ ಸಲಹೆ ಕೊಟ್ಟರೆ, ಯುನಿಕೋಡ್‌ನಲ್ಲಿ ‘ಳ’ಕಾರದ ಸಂಖ್ಯೆ ‘ವ’ಕಾರದ್ದಕ್ಕಿಂತ ಚಿಕ್ಕದು ಎಂಬುದನ್ನು ನೆನಪಿಡಿ: ಆ ಕ್ರಮದಲ್ಲಿ ‘ಕಳಸಪ್ಪ’ ಮೊದಲು, ‘ಕವಿತಾ’ ಆಮೇಲೆ ಬರುತ್ತಾರೆ. ವರ್ಣಮಾಲೆ ಬಲ್ಲ ಗುಮಾಸ್ತರು ಸದಸ್ಯರ ಪಟ್ಟಿಯನ್ನು ನೋಡಿದ ದಿನವೇ ನಿಮಗೆ ಕರೆ ಮಾಡುತ್ತಾರೆ.

ಪ್ರಶ್ನೆ: ಕೆಲಸ ಎಷ್ಟು ಹೊತ್ತು ನಿಲ್ಲಿಸಬೇಕಾಗುತ್ತದೆ ಮೇಡಂ? ಎಲ್ಲವೂ ಸರಿಯಾಗಿ ಬಂದಿದೆ ಎಂದು ಖಚಿತಪಡಿಸಿಕೊಳ್ಳುವುದು ಹೇಗೆ?

ಉತ್ತರ: ನಿಮ್ಮ ಗಾತ್ರಕ್ಕೆ ಒಂದು ಭಾನುವಾರ ಸಾಕು ಎಂದುಕೊಂಡಿದ್ದೇನೆ, ಆದರೆ ಡಿಸ್ಕು ಮತ್ತು ಇಂಡೆಕ್ಸುಗಳ ಮೇಲೆ ಅದು ಅವಲಂಬಿಸಿರುವುದರಿಂದ, ಕೆಲಸ ನಡೆಯುತ್ತಿರುವಾಗಲೇ ಒಮ್ಮೆ ಪೂರ್ವಾಭ್ಯಾಸ ಮಾಡಿ ಸಮಯವನ್ನು ಬರೆದಿಟ್ಟುಕೊಳ್ಳಿ. ಪಿಜಿ-ಡಂಪ್ ಹಳೆಯ ಸರ್ವರಿಗೆ ಬೀಗ ಹಾಕಿಸುವುದಿಲ್ಲ, ಓದುವ-ಬರೆಯುವ ಕೆಲಸ ನಡೆದೇ ಇರುತ್ತದೆ. ರಿಸ್ಟೋರನ್ನು ಹಲವು ಜಾಬ್‌ಗಳಾಗಿ ಸಮಾನಾಂತರವಾಗಿ ಓಡಿಸಬಹುದು. ನಿಲ್ಲಿಸದೆಯೇ ಸಾಗಿಸಬಲ್ಲ ಲಾಜಿಕಲ್ ರೆಪ್ಲಿಕೇಶನ್ ಪೋಸ್ಟ್‌ಗ್ರೆಸ್‌ನೊಳಗೇ ಬಂದದ್ದು 10ನೇ ಆವೃತ್ತಿಯಿಂದ, 9.6ಕ್ಕೆ ಹೊರಗಿನ ವಿಸ್ತರಣೆ ಬೇಕು, ಭಾನುವಾರ ಬಾಗಿಲು ಮುಚ್ಚುವ ಸಂಘಕ್ಕೆ ಅಷ್ಟು ರಗಳೆ ಬೇಡ.

ಪರಿಶೀಲನೆಗೆ ಪ್ರತಿ ಟೇಬಲಿನ ಸಾಲುಗಳ ಸಂಖ್ಯೆ ಹೊಂದಿದರೆ ಸಾಲದು. ಠೇವಣಿ, ಸಾಲದ ಬಾಕಿ, ಷೇರು ಮುಂತಾದ ಕಾಲಂಗಳ ಮೊತ್ತವನ್ನು ಎರಡೂ ಕಡೆ ತೆಗೆದು ಹೋಲಿಸಿ. ಇಡೀ ಟೇಬಲಿನ ಹ್ಯಾಶ್ (ಅದರ ವಿಷಯದಿಂದ ಲೆಕ್ಕ ಹಾಕಿದ ಚಿಕ್ಕ ಗುರುತು) ತೆಗೆದು ಹೋಲಿಸುವುದಾದರೆ ಸಾಲುಗಳನ್ನು ಸದಸ್ಯತ್ವ ಸಂಖ್ಯೆಯಂತಹ ಅಂಕಿಯ ಕಾಲಂನಿಂದಲೇ ಜೋಡಿಸಿ, ಏಕೆಂದರೆ ಹೆಸರಿನಿಂದ ಜೋಡಿಸಿದರೆ ಎರಡೂ ಕಡೆಯ ಅಕಾರಾದಿ ಕ್ರಮ ಬೇರೆಯಾಗಿ ಹ್ಯಾಶ್ ಸುಮ್ಮನೆ ತಪ್ಪುತ್ತದೆ. ಫ್ಲೋಟ್ (ಅಂದಾಜಿನ ದಶಮಾಂಶ ಸಂಖ್ಯೆಯ) ಕಾಲಂಗಳಿದ್ದರೂ ತಪ್ಪಬಹುದು: ಅವುಗಳನ್ನು ಅಕ್ಷರರೂಪದಲ್ಲಿ ತೋರಿಸುವ ವಿಧಾನ 12ನೇ ಆವೃತ್ತಿಯಲ್ಲಿ ಬದಲಾಗಿದೆ. (ಹಣವನ್ನು ಫ್ಲೋಟ್‌ನಲ್ಲಿ ಇಟ್ಟಿದ್ದರೆ ಅದು ಬೇರೆಯೇ ಚರ್ಚೆ.)

ಎರಡು ವಿಷಯಗಳನ್ನು ಜನ ಮರೆಯುತ್ತಾರೆ. ದತ್ತಾಂಶವನ್ನು ಬೇಗ ಹುಡುಕಲು ಸರ್ವರ್ ಬಳಸುವ ಅಂಕಿಅಂಶಗಳು ಡಂಪಿನಲ್ಲಿ ಬರುವುದಿಲ್ಲವಾದ್ದರಿಂದ, ರಿಸ್ಟೋರ್ ಮುಗಿದೊಡನೆ ಅವುಗಳನ್ನು ಹೊಸದಾಗಿ ಸಂಗ್ರಹಿಸುವ ಅನಲೈಜ್ ಆದೇಶವನ್ನು ಓಡಿಸಬೇಕು; ಇಲ್ಲವಾದರೆ ಸೋಮವಾರ ಬೆಳಿಗ್ಗೆ ‘ಹೊಸ ಯಂತ್ರ ಹಳೆಯದಕ್ಕಿಂತ ನಿಧಾನ’ ಎಂಬ ದೂರು ಬರುತ್ತದೆ. ಇನ್ನೊಂದು, ಸಮಯವಲಯ. ಉಬುಂಟು ಸರ್ವರ್ ಬಹಳ ಕಡೆ ಯುಟಿಸಿಯಲ್ಲೇ (ಅಂತರರಾಷ್ಟ್ರೀಯ ಪ್ರಮಾಣ ಸಮಯ) ಇರುತ್ತದೆ. ಹಾಗೇ ಬಿಟ್ಟರೆ, ಸಮಯವಲಯವಿಲ್ಲದ ಕಾಲಂಗಳಿಗೆ ಸರ್ವರೇ ತುಂಬುವ ಸಮಯ ಐದೂವರೆ ಗಂಟೆ ಹಿಂದೆ ಬಿದ್ದು, ಬೆಳಗಿನ ಜಾವ ಓಡುವ ಬಡ್ಡಿ ಲೆಕ್ಕ ಹಿಂದಿನ ದಿನದ ತಾರೀಖಿಗೆ ಸೇರುತ್ತದೆ. ಸೆಟ್ಟಿಂಗನ್ನು ಏಷ್ಯಾ/ಕೋಲ್ಕತಾ ಎಂದು ಬದಲಿಸಿದ ಮೇಲೆಯೇ ಬಳಕೆದಾರರನ್ನು ಒಳಬಿಡಿ.

ಪ್ರಶ್ನೆ (ಇನ್ನೊಬ್ಬ ಸದಸ್ಯರಿಂದ): ನಮ್ಮಲ್ಲಿ 2005ರ ಸುಮಾರಿನ ದಾಖಲೆಗಳು ನುಡಿ ಫಾಂಟಿನಲ್ಲಿವೆ. ಸಾಗಿಸುವಾಗಲೇ ಯುನಿಕೋಡ್‌ಗೆ ಬದಲಿಸಬಹುದೇ?

ಉತ್ತರ: ಬದಲಿಸಬಹುದು, ಆದರೆ ಬೇಡ. ಹಳೆಯ ನುಡಿಯಲ್ಲಿ ಇಂಗ್ಲಿಷ್ ಅಕ್ಷರಗಳ ಸಂಕೇತಗಳಿಗೇ ಕನ್ನಡದ ಆಕಾರ ತೊಡಿಸಿರುವುದರಿಂದ, ಡೇಟಾಬೇಸಿನ ಮಟ್ಟಿಗೆ ಅದು ಲ್ಯಾಟಿನ್ ಪಠ್ಯವೇ. ಇದ್ದಂತೆಯೇ ಹೊಸ ಕಡೆಗೆ ಹೋಗುತ್ತದೆ. ಮೊದಲು ಸಾಗಿಸಿ, ಹೋಲಿಸಿ, ಮುಗಿಸಿ. ಆಮೇಲೆ ಹೊಸ ಕಾಲಂ ಒಂದನ್ನು ಸೇರಿಸಿ ಪರಿವರ್ತಿತ ಪಠ್ಯವನ್ನು ಅದರಲ್ಲಿ ತುಂಬಿ, ಹಳೆಯ ಕಾಲಮನ್ನು ಕೆಲಕಾಲ ಉಳಿಸಿಕೊಳ್ಳಿ. ಎರಡೂ ಒಟ್ಟಿಗೆ ಮಾಡಿದರೆ, ಒಂದು ಹೆಸರು ಕೆಟ್ಟಾಗ ಅದು ಸಾಗಣೆಯಲ್ಲಿ ಕೆಟ್ಟಿತೋ ಪರಿವರ್ತನೆಯಲ್ಲಿ ಕೆಟ್ಟಿತೋ ಎಂದು ಪತ್ತೆ ಹಚ್ಚುವುದೇ ಕಷ್ಟವಾಗುತ್ತದೆ.

ಪ್ರಶ್ನೆ (ಮತ್ತೊಬ್ಬರಿಂದ): ಮೈಎಸ್‌ಕ್ಯೂಎಲ್ ಎಂಬ ಇನ್ನೊಂದು ಡೇಟಾಬೇಸ್ ತಂತ್ರಾಂಶದ 5.7ನ್ನು ವಿಂಡೋಸ್‌ನಿಂದ ಲಿನಕ್ಸ್‌ನ 8.0ಕ್ಕೆ ಸಾಗಿಸುವವರಿಗೂ ಇದೇ ಕ್ರಮವೇ?

ಉತ್ತರ: ಡಂಪ್ ಮತ್ತು ರಿಸ್ಟೋರ್ ಎಂಬಷ್ಟರ ಮಟ್ಟಿಗೆ ಹೌದು. ಅಲ್ಲಿನ ಮುಖ್ಯ ತೊಡಕು ಟೇಬಲುಗಳ ಹೆಸರಿನದು. ವಿಂಡೋಸ್‌ನಲ್ಲಿ ಮೈಎಸ್‌ಕ್ಯೂಎಲ್ ಹೆಸರುಗಳನ್ನೆಲ್ಲ ಸಣ್ಣಕ್ಷರದಲ್ಲಿ ಇಟ್ಟುಕೊಂಡು, ಕೇಳುವಾಗ ದೊಡ್ಡಕ್ಷರ-ಸಣ್ಣಕ್ಷರದ ಭೇದ ಮಾಡುವುದಿಲ್ಲ. ಲಿನಕ್ಸ್‌ನಲ್ಲಿ ಆ ಭೇದ ಇದೆ, ಆದ್ದರಿಂದ ಪ್ರೋಗ್ರಾಮಿನಲ್ಲಿ ದೊಡ್ಡಕ್ಷರದಿಂದ ಬರೆದ ಹೆಸರುಗಳಿಗೆ ‘ಟೇಬಲ್ ಇಲ್ಲ’ ಎಂಬ ಉತ್ತರ ಬರುತ್ತದೆ. ‘ಲೋಯರ್ ಕೇಸ್ ಟೇಬಲ್ ನೇಮ್ಸ್’ ಎಂಬ ಸೆಟ್ಟಿಂಗನ್ನು 1 ಮಾಡಿದರೆ ಇದು ಪರಿಹಾರವಾಗುತ್ತದೆಯಾದರೂ, 8.0ರಲ್ಲಿ ಅದನ್ನು ಡೇಟಾ ಫೋಲ್ಡರ್ ಮೊದಲ ಬಾರಿ ಸಿದ್ಧವಾಗುವಾಗಲೇ ಕೊಡಬೇಕು, ಆಮೇಲೆ ಬದಲಿಸಲಾಗದು. ಪ್ರೋಗ್ರಾಂ ನಿಮ್ಮ ಕೈಯಲ್ಲೇ ಇದ್ದರೆ ಅದರಲ್ಲಿನ ಹೆಸರುಗಳನ್ನು ತಿದ್ದಿಕೊಳ್ಳಿ. ಹೊರಗಿನವರು ಮಾಡಿಕೊಟ್ಟದ್ದಾಗಿದ್ದರೆ, ದತ್ತಾಂಶ ತುಂಬುವ ಮೊದಲೇ ಖಾಲಿ ಫೋಲ್ಡರನ್ನು ಅಳಿಸಿ ಈ ಸೆಟ್ಟಿಂಗಿನೊಂದಿಗೆ ಮತ್ತೆ ಸಿದ್ಧಪಡಿಸಿ.