1990ರ ಬೆಂಝ್ 300ಇ: ಗೇರ್‌ಬಾಕ್ಸ್ ಆಯಿಲ್ ಬದಲಿಸುವುದಾ, ಬೇಡವಾ?

ಪೆರ್ಲದವ:
ನಮಸ್ಕಾರ. ಮಾವ ಅಬುಧಾಬಿಯಿಂದ ಊರಿಗೆ ಬರುವಾಗ ತಂದ 300ಇ (ಡಬ್ಲ್ಯು124 ಅಂತ ಕಂಪೆನಿ ಹೆಸರಿಟ್ಟ ಮಾಡೆಲ್, ನಾಲ್ಕು ಗೇರಿನ ಆಟೋಮೆಟಿಕ್) ಈಗ ನನ್ನ ಕೈಯಲ್ಲಿ ಉಂಟು. ಹೆಚ್ಚಿನ ಕಾಲ ಅಡಿಕೆ ಶೆಡ್ಡಿನಲ್ಲೇ ನಿಂತ ಗಾಡಿ. ಈಗೀಗ ಎರಡರಿಂದ ಮೂರಕ್ಕೆ ಹೋಗುವಾಗ ಇಂಜಿನ್ ಒಮ್ಮೆ ಸುಮ್ಮನೆ ರೇಸ್ ಆಗಿ ಆಮೇಲೆ ಗೇರ್ ಹಿಡಿಯುತ್ತದೆ. ಆಯಿಲ್ ಕಂದು ಬಣ್ಣಕ್ಕೆ ತಿರುಗಿದೆ. ಇಲ್ಲಿಯ ಮೆಕ್ಯಾನಿಕ್ "ಇಷ್ಟು ಹಳೇದಕ್ಕೆ ಹೊಸ ಆಯಿಲ್ ಹಾಕಿದ್ರೆ ಗೇರ್‌ಬಾಕ್ಸ್ ಹೋಯ್ತು ಅಂತಲೇ ಲೆಕ್ಕ" ಅಂತಾರೆ. ಮಂಗಳೂರಿನಲ್ಲಿ ಇನ್ನೊಬ್ಬರು ಮೆಷಿನ್ ಇಟ್ಟು ಫ್ಲಶ್ ಮಾಡುವ, ಅಂದ್ರೆ ಹೊಸ ಆಯಿಲ್ ನೂಕಿ ಹಳೇದನ್ನು ತೊಳೆದು ತೆಗೆಯುವ ಅಂತಾರೆ. ಮತ್ತೆ, ಗಾಡಿ ಸೆಕೆಂಡ್ ಗೇರಿನಲ್ಲೇ ಹೊರಡುವುದು. ಅದೂ ರೋಗವಾ?

ಉಪ್ಪಳದ ಹಳೆ ಸ್ಪ್ಯಾನರ್:
ಶಾರ್ಜಾದ ಶೆಡ್ಡಿನಲ್ಲಿ ಇದೇ ಗಾಡಿಗಳ ಅಡಿಯಲ್ಲಿ ಮಲಗಿ ತಲೆ ನರೆತವ ನಾನು, ಹೇಳ್ತೇನೆ ಕೇಳಿ. ಸೆಕೆಂಡಿನಲ್ಲಿ ಹೊರಡುವುದು ರೋಗ ಅಲ್ಲ, ಅದರ ಹುಟ್ಟುಗುಣ. ಮೆಲ್ಲ ಒತ್ತಿದ್ರೆ ಎರಡು, ಪೆಡಲ್ ಪೂರಾ ತುಳಿದ್ರೆ ಒಂದು. ಅದನ್ನು ಸರಿ ಮಾಡಿ ಕೊಡ್ತೇನೆ ಅಂತ ಯಾರಾದ್ರೂ ಬಂದ್ರೆ ಚಾ ಕೊಟ್ಟು ಕಳಿಸಿ.

ಹೊಸ ಆಯಿಲಿಂದ ಗೇರ್‌ಬಾಕ್ಸ್ ಹೋಯ್ತು ಅಂತ ಹೇಳುವ ಗಾಡಿಗಳು ಹೆಚ್ಚಿನವು ಗೇರ್ ಹಿಡಿಯದೆ ಜಾರುತ್ತಾ ಇರುವಾಗಲೇ ಶೆಡ್ಡಿಗೆ ಬಂದವು. ಒಳಗೆ ಕ್ಲಚ್ ಸವೆದು ಮುಗಿದ ಮೇಲೆ ಆಯಿಲ್ ಎಂತ ಮಾಡೀತು? ದೂರು ಮಾತ್ರ ಅದಕ್ಕೆ.

ಮೊದಲು ಪ್ಯಾನ್ (ಗೇರ್‌ಬಾಕ್ಸ್ ಅಡಿಯ ಆಯಿಲ್ ತಟ್ಟೆ) ಬಿಚ್ಚಿ ತಳ ನೋಡಿ. ನುಣ್ಣನೆ ಬೂದು ಕೆಸರು ಸ್ವಲ್ಪ ಇದ್ರೆ ಮಾಮೂಲಿ. ಲೋಹದ ಚೂರು, ಸುಟ್ಟ ವಾಸನೆ, ಕಪ್ಪು ಪದರ ಕಂಡ್ರೆ ಅಲ್ಲಿಗೇ ನಿಲ್ಲಿಸಿ, ಆಯಿಲಿನ ದುಡ್ಡಾದ್ರೂ ಉಳೀತದೆ. ಗುಲಾಬಿ ಮಿಲ್ಕ್‌ಶೇಕಿನ ಹಾಗೆ ಇದ್ರೆ ರೇಡಿಯೇಟರ್ ಒಳಗಿನ ಆಯಿಲ್ ಕೂಲರ್ ತೂತಾಗಿ ನೀರು ಬೆರೆತಿದೆ. ಕೂಲಂಟ್ ಬದಲು ಬಾವಿ ನೀರು ಹೊಯ್ಯುವ ಚಾಳಿ ನಮ್ಮಲ್ಲಿ ಉಂಟಲ್ಲ, ಅಲ್ಲಿಂದಲೇ ತುಕ್ಕು ಶುರು.

ಫ್ಲಶ್ ಮೆಷಿನ್ ಬೇಡವೇ ಬೇಡ. ಟಾರ್ಕ್ ಕನ್ವರ್ಟರಿಗೂ (ಇಂಜಿನಿಗೂ ಗೇರ್‌ಬಾಕ್ಸಿಗೂ ನಡುವೆ ಆಯಿಲ್ ತುಂಬಿ ತಿರುಗುವ ಡ್ರಮ್) ಡ್ರೈನ್ ಬೋಲ್ಟ್ ಇಟ್ಟಿದ್ದಾರೆ ಪುಣ್ಯಾತ್ಮರು. ಕ್ರ್ಯಾಂಕ್ ಬೋಲ್ಟಿಗೆ 27ರ ಸಾಕೆಟ್ ಹಾಕಿ ಇಂಜಿನ್ ತಿರುಗುವ ದಿಕ್ಕಿಗೇ ಮೆಲ್ಲ ತಿರುಗಿಸಿ, ಅದರ ಹೊರಕವಚ ಬೆಲ್ ಹೌಸಿಂಗಿನ ಕೆಳಗಿನ ಕಿಂಡಿಯಲ್ಲಿ ಆ ಡ್ರೈನ್ ಬೋಲ್ಟ್ ಕಾಣ್ತದೆ. 5ರ ಅಲೆನ್ ಕೀ ಸಾಕು. ಪ್ಯಾನ್ ಮಾತ್ರ ಖಾಲಿ ಮಾಡಿದ್ರೆ ಹಳೇದು ಬೇಕಾದಷ್ಟು ಒಳಗೇ ಉಳೀತದೆ. ಎರಡೂ ಖಾಲಿಯಾದ್ರೆ ಸುಮಾರು 6 ಲೀಟರ್ ಹಿಡೀತದೆ. ಫಿಲ್ಟರ್, ಗ್ಯಾಸ್ಕೆಟ್ ಹೊಸತೇ ಹಾಕಿ.

ತುಂಬುವುದು ಡಿಪ್‌ಸ್ಟಿಕ್ ಪೈಪಿನಲ್ಲೇ. ಮೊದಲು 4 ಲೀಟರ್ ಹೊಯ್ದು ಸ್ಟಾರ್ಟ್ ಮಾಡಿ, ಉಳಿದದ್ದು ಸ್ವಲ್ಪ ಸ್ವಲ್ಪವೇ. ಲೆವೆಲ್ ನೋಡುವುದು ಗಾಡಿ ಓಡಿಸಿ ಆಯಿಲ್ 80 ಡಿಗ್ರಿಗೆ ಬಂದ ಮೇಲೆ, ಸಮತಟ್ಟು ಜಾಗದಲ್ಲಿ, 'ಪಿ'ಯಲ್ಲಿ, ಇಂಜಿನ್ ಚಾಲೂ ಇಟ್ಟು. ಕೆಳಗಿನ ಗೆರೆಗೂ ಮೇಲಿನದಕ್ಕೂ ಬರೀ 0.3 ಲೀಟರ್ ವ್ಯತ್ಯಾಸ, ಕೈ ಬಿಗಿ ಹಿಡೀರಿ. ಡಿಪ್‌ಸ್ಟಿಕ್ ಒರೆಸ್ಲಿಕ್ಕೆ ಕಾಟನ್ ವೇಸ್ಟ್ ಮುಟ್ಟಿಸಬೇಡಿ, ನೂಲಿನ ಎಳೆ ಗೇರ್ ಬದಲಿಸುವ ಸಣ್ಣ ವಾಲ್ವ್‌ಗಳಿರುವ ವಾಲ್ವ್ ಬಾಡಿಗೆ ಹೋದ್ರೆ ಇನ್ನೊಂದು ರಾಮಾಯಣ.

ಆಯಿಲ್ ಡೆಕ್ಸ್ರಾನ್ 3 ಜಾತಿಯದ್ದು. ಅದು ಜನರಲ್ ಮೋಟರ್ಸ್ ಇಟ್ಟ ಆಯಿಲ್ ಗುಣಮಟ್ಟದ ಹೆಸರು; ಅವರು ಅದರ ಲೈಸೆನ್ಸ್ 2006ರ ಕೊನೆಗೇ ನಿಲ್ಲಿಸಿದೆ, ಹಾಗಾಗಿ ಡಬ್ಬದಲ್ಲಿ "ಡೆಕ್ಸ್ರಾನ್ 3ಕ್ಕೆ ಸರಿಹೊಂದುವ" ಅಂತ ಇರ್ತದೆ. ಬೆಂಝ್ ಅಂದ ಕೂಡಲೇ ಅಂಗಡಿಯವರು ಬೆಂಝಿನವರದೇ 236.14 ನಂಬರಿನ ಆಯಿಲ್ ಕೊಡ್ತಾರೆ. ಅದು ಆಮೇಲೆ ಬಂದ ಐದು ಗೇರಿನವಕ್ಕೆ.

ಹೊಸಂಗಡಿ ಡೀಸೆಲ್:
ಅಣ್ಣ ಹೇಳಿದ್ದಕ್ಕೆ ಒಂದು ಸೇರಿಸ್ತೇನೆ. ಲೆವೆಲ್ ಕಡಿಮೆಯಾದ್ರೂ ಇದೇ ತರ ರೇಸ್ ಆಗ್ತದೆ. ನೆಲಕ್ಕೆ ತೊಟ್ಟಿಕ್ಕದೆ ಆಯಿಲ್ ಇಳೀತಾ ಉಂಟಾ? ಗೇರ್‌ಬಾಕ್ಸ್ ಪಕ್ಕದ ವ್ಯಾಕ್ಯೂಮ್ ಮಾಡ್ಯುಲೇಟರಿನ (ಇಂಜಿನ್ನಿನ ಎಳೆತ ನೋಡಿ ಗೇರ್‌ಬಾಕ್ಸ್ ಒತ್ತಡ ಹೊಂದಿಸುವ ಡಬ್ಬಿ) ಹೋಸ್ ಎಳೆದು ನೋಡಿ. ಒಳಗೆ ಆಯಿಲ್ ಇದ್ರೆ ಅದರೊಳಗಿನ ರಬ್ಬರ್ ಪೊರೆ (ಡಯಾಫ್ರಾಮ್) ಹರಿದಿದೆ. ಪೆಟ್ರೋಲ್ ಇಂಜಿನ್ ಆ ಆಯಿಲನ್ನು ಎಳೆದು ಸುಟ್ಟುಬಿಡ್ತದೆ.

ಪೆರ್ಲದವ:
ಎಳೆದು ನೋಡಿದೆ, ಹೋಸ್ ಪೂರ್ತಿ ಒದ್ದೆ! ಲೆವೆಲ್ ಕೂಡ ಕೆಳಗಿನ ಗೆರೆಗಿಂತ ಎಷ್ಟೋ ಕೆಳಗೆ. ಬೆಳಿಗ್ಗೆ ಬಿಳಿ ಹೊಗೆ ಬರುವುದು ನಿಂತ ಗಾಡಿಯಲ್ವಾ, ಹಾಗೇ ಅಂತ ಮನೆಯಲ್ಲಿ ಎಲ್ಲರೂ ಹೇಳ್ತಿದ್ರು. ಈಗ ಆಯಿಲ್ ಮೊದಲಾ, ಮಾಡ್ಯುಲೇಟರ್ ಮೊದಲಾ?

ಉಪ್ಪಳದ ಹಳೆ ಸ್ಪ್ಯಾನರ್:
ಮಾಡ್ಯುಲೇಟರ್ ಕೈಗೆ ಬಂದ ಮೇಲೆ ಎರಡೂ ಒಟ್ಟಿಗೇ ಮಾಡಿ, ಇಲ್ಲದಿದ್ರೆ ಹೊಸ ಆಯಿಲೂ ಹೊಗೆಯೇ. ಹಳೇದರ ಮೇಲಿನ ನಂಬರ್ ನೋಡಿ ಅದೇ ತರಿಸಿ, ನೋಡ್ಲಿಕ್ಕೆ ಎಲ್ಲ ಒಂದೇ ತರ ಇರ್ತವೆ. ಅಲ್ಲಿವರೆಗೆ ಲೆವೆಲ್ ತುಂಬಿಸಿ ಶೆಡ್ಡಿನಲ್ಲೇ ಇಡಿ, ಅಡ್ಯನಡ್ಕ ಕಡೆ ಏರು ಹತ್ತಿಸಬೇಡಿ. ಅಡಿಗೆ ಹೋಗುವಾಗ ಜ್ಯಾಕ್ ಒಂದನ್ನೇ ನಂಬಬೇಡಿ ತಮ್ಮಾ, ಸ್ಟ್ಯಾಂಡ್ ಇಡಿ.