ಪ್ರೈಮರಿ ನಡೆಯುತ್ತಿರುವಾಗ ಪಕ್ಷದ ಹಿರಿಯರು ಒಬ್ಬರ ಪರ ನಿಲ್ಲಬಹುದೇ?

ಮಾನಸಗಂಗೋತ್ರಿಯ ವಿದ್ಯಾರ್ಥಿನಿ:

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನಲ್ಲಿ ರಾಜ್ಯಶಾಸ್ತ್ರದ ಸ್ನಾತಕೋತ್ತರ ಪದವಿಗೆ ಓದುತ್ತಿದ್ದೇನೆ. ಅಮೆರಿಕದ ಪ್ರೈಮರಿ ಪದ್ಧತಿಯನ್ನು, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸಲು ಚುನಾವಣೆಗೆ ಮುಂಚೆ ನಡೆಯುವ ಮತದಾನವನ್ನು, ಕುರಿತು ತರಗತಿಯಲ್ಲಿ ನಡೆದ ಚರ್ಚೆಯಲ್ಲಿ ಒಂದು ಪ್ರಶ್ನೆ ಇತ್ಯರ್ಥವಾಗದೆ ಉಳಿಯಿತು.

ನಮ್ಮಲ್ಲಿ ಅಭ್ಯರ್ಥಿಯನ್ನು ವರಿಷ್ಠರು ತೀರ್ಮಾನಿಸುತ್ತಾರೆ. ಬಿ ಫಾರಂ ಯಾರ ಕೈಸೇರುತ್ತದೆಯೋ ಅವರೇ ಅಭ್ಯರ್ಥಿ. ಅಲ್ಲಿ ಆ ತೀರ್ಮಾನವನ್ನು ಮತದಾರರಿಗೇ ಬಿಟ್ಟಿದ್ದಾರೆ. ಹಾಗೆ ಬಿಟ್ಟ ಮೇಲೆ, ಪಕ್ಷದ ಎಲ್ಲ ಬಣಗಳೂ ಗೌರವಿಸುವ ಹಿರಿಯರೊಬ್ಬರು ಮತದಾನಕ್ಕೆ ಮುಂಚೆಯೇ ಒಬ್ಬರಿಗೆ ಬೆಂಬಲ ಘೋಷಿಸಿದರೆ, ಕೊಟ್ಟ ಅಧಿಕಾರದಲ್ಲಿ ಅರ್ಧವನ್ನು ಹಿಂದಕ್ಕೆ ಪಡೆದಂತಾಗುವುದಿಲ್ಲವೇ? 2020ರಲ್ಲಿ ಬರಾಕ್ ಒಬಾಮ ಅವರು, ತಮ್ಮೊಂದಿಗೆ ಎಂಟು ವರ್ಷ ಉಪಾಧ್ಯಕ್ಷರಾಗಿದ್ದ ಜೋ ಬೈಡನ್ ಅವರೇ ಕಣದಲ್ಲಿದ್ದರೂ, ಮೌನವಾಗಿದ್ದರು. ಬೈಡನ್ ಅವರ ಪ್ರತಿಸ್ಪರ್ಧಿ ಬರ್ನಿ ಸ್ಯಾಂಡರ್ಸ್ ಏಪ್ರಿಲ್ 8ರಂದು ಹಿಂದೆ ಸರಿದ ನಂತರವೇ, ಏಪ್ರಿಲ್ 14ರಂದು, ಬೈಡನ್ ಅವರಿಗೆ ಬೆಂಬಲ ಸೂಚಿಸಿದರು. ಅದೇ ಡೆಮಾಕ್ರಟಿಕ್ ಪಕ್ಷದ ಹಿರಿಯ ಸಂಸದ ಜಿಮ್ ಕ್ಲೈಬರ್ನ್ ಅವರು ಸೌತ್ ಕ್ಯಾರೊಲಿನಾದ ಮತದಾನಕ್ಕೆ ಮೂರು ದಿನವಿರುವಾಗ ಬಹಿರಂಗವಾಗಿ ಬೈಡನ್ ಪರ ನಿಂತರು. ನನಗೆ ಒಬಾಮ ಅವರ ನಡೆಯೇ ಸರಿ ಎನಿಸುತ್ತದೆ. ಬಲ್ಲವರು ತಮ್ಮ ಅಭಿಪ್ರಾಯ ತಿಳಿಸಬೇಕೆಂದು ಕೋರುತ್ತೇನೆ.

ನಿವೃತ್ತ ಅಧ್ಯಾಪಕ, ಮಂಡ್ಯ:

ಪ್ರಶ್ನೆ ಕೇಳಿದ ಸಹೋದರಿಗೆ ನಮಸ್ಕಾರ. ನಾನು ಕ್ಲೈಬರ್ನ್ ಅವರ ನಡೆಯನ್ನು ಒಪ್ಪುವವನು, ಕಾರಣವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಬೈಡನ್ ಅವರು ಮೊದಲು ಮತದಾನ ನಡೆದ ರಾಜ್ಯಗಳಲ್ಲಿ, ಅಯೋವಾದಲ್ಲಿ ನಾಲ್ಕನೆಯ ಸ್ಥಾನಕ್ಕೂ, ನ್ಯೂ ಹ್ಯಾಂಪ್‌ಷೈರ್‌ನಲ್ಲಿ ಐದನೆಯ ಸ್ಥಾನಕ್ಕೂ ಇಳಿದಿದ್ದರು. ಸೌತ್ ಕ್ಯಾರೊಲಿನಾದ ಡೆಮಾಕ್ರಟಿಕ್ ಮತದಾರರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಕರಿಯ ಸಮುದಾಯದವರು. ಅವರ ನಡುವೆ ಕ್ಲೈಬರ್ನ್ ಅವರದು ನಾಗರಿಕ ಹಕ್ಕುಗಳ ಹೋರಾಟದ ಕಾಲದಿಂದಲೂ ಬೆಳೆದುಬಂದ ಹೆಸರು. ಅವರೇ ಹೇಳಿಕೊಂಡಿರುವಂತೆ, ಸ್ನೇಹಿತರೊಬ್ಬರ ಅಂತ್ಯಕ್ರಿಯೆಗೆಂದು ಚರ್ಚಿಗೆ ಹೋಗಿದ್ದಾಗ ವೃದ್ಧೆಯೊಬ್ಬರು ಹತ್ತಿರ ಕರೆದು, ನೀವು ಯಾರಿಗೆ ಮತ ಹಾಕುತ್ತೀರಿ ಎಂದು ಕೇಳಿದರಂತೆ. ಇವರು ಮೆಲ್ಲಗೆ ಹೆಸರು ಹೇಳಿದಾಗ, ಈ ಮಾತನ್ನು ಊರಿನವರೂ ನಿಮ್ಮಿಂದ ಕೇಳಬೇಕಾಗಿದೆ ಎಂದರಂತೆ. ಬೆಂಬಲ ಘೋಷಣೆಯಾದದ್ದು ಫೆಬ್ರವರಿ 26ರಂದು. ಮತದಾನ ನಡೆದದ್ದು 29ರಂದು. ಮತಗಟ್ಟೆಯಿಂದ ಹೊರಬಂದವರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಜನ, ಕ್ಲೈಬರ್ನ್ ಅವರ ಮಾತು ತಮ್ಮ ನಿರ್ಧಾರದಲ್ಲಿ ಮುಖ್ಯವಾಗಿತ್ತೆಂದು ಸಮೀಕ್ಷೆಯಲ್ಲಿ ಹೇಳಿದರು. ಮುಂದಿನ ಎರಡು ದಿನಗಳಲ್ಲಿ ಪೀಟ್ ಬುಟಿಜೆಜ್ ಮತ್ತು ಏಮಿ ಕ್ಲೋಬುಚಾರ್ ಕಣದಿಂದ ಹಿಂದೆ ಸರಿದು ಬೈಡನ್ ಅವರನ್ನು ಬೆಂಬಲಿಸಿದರು.

ಇಲ್ಲಿ ಮತದಾರರ ಅಧಿಕಾರವನ್ನು ಯಾರೂ ಕಸಿದುಕೊಳ್ಳಲಿಲ್ಲ. ಹತ್ತಾರು ಅಭ್ಯರ್ಥಿಗಳಿರುವ ಕಣದಲ್ಲಿ, ಎಲ್ಲರೂ ಒಂದೇ ಪಕ್ಷದವರಾಗಿರುವಾಗ, ಚಿಹ್ನೆ ನೋಡಿ ಮತ ಹಾಕುವ ಅನುಕೂಲ ಜನರಿಗೆ ಇರುವುದಿಲ್ಲ. ಅಭ್ಯರ್ಥಿಗಳನ್ನು ಹತ್ತಿರದಿಂದ ಬಲ್ಲ ಹಿರಿಯರು ಆ ಹೊತ್ತಿನಲ್ಲಿ ತಮಗೆ ತಿಳಿದದ್ದನ್ನು ತಮ್ಮಲ್ಲೇ ಇಟ್ಟುಕೊಂಡರೆ, ಅವರ ಅನುಭವ ಯಾರಿಗೆ ಉಪಯೋಗಕ್ಕೆ ಬಂತು?

ವಕೀಲೆ, ಕುವೆಂಪುನಗರ:

ಮೇಷ್ಟ್ರ ಮಾತನ್ನು ಗೌರವಿಸುತ್ತಲೇ ಒಂದು ವ್ಯತ್ಯಾಸವನ್ನು ಎತ್ತಿ ತೋರಿಸಲು ಬಯಸುತ್ತೇನೆ. ಹಿರಿಯರು ಯಾವ ಸ್ಥಾನದಲ್ಲಿ ಕುಳಿತು ಮಾತನಾಡುತ್ತಾರೆ ಎಂಬುದನ್ನು ಬಿಟ್ಟು ಈ ಪ್ರಶ್ನೆಗೆ ಉತ್ತರಿಸಲಾಗದು.

2016ರಲ್ಲಿ ಒಂದೇ ಒಂದು ಮತ ಬೀಳುವ ಮೊದಲೇ ನೂರಾರು ಸೂಪರ್ ಡೆಲಿಗೇಟ್‌ಗಳು, ಅಂದರೆ ಹುದ್ದೆಯ ಬಲದಿಂದಲೇ ಪಕ್ಷದ ಮಹಾಧಿವೇಶನದಲ್ಲಿ ಮತ ಪಡೆದಿದ್ದ ಮುಖಂಡರು, ಹಿಲರಿ ಕ್ಲಿಂಟನ್ ಪರ ನಿಂತಿದ್ದರು. ಅವರ ಬೆಂಬಲ ಬರೀ ಸಲಹೆಯಾಗಿರಲಿಲ್ಲ, ಎಣಿಕೆಗೆ ಸೇರುವ ಮತವೇ ಆಗಿತ್ತು. ಪಕ್ಷದ ರಾಷ್ಟ್ರೀಯ ಸಮಿತಿಯ ಸಿಬ್ಬಂದಿ ಒಬ್ಬರ ಕಡೆ ವಾಲಿದ್ದರೆಂಬುದನ್ನು ತೋರಿಸುವ ಇಮೇಲ್‌ಗಳು ಆ ಜುಲೈನಲ್ಲಿ ಬಹಿರಂಗವಾದಾಗ, ಸಮಿತಿಯ ಅಧ್ಯಕ್ಷೆ ಡೆಬಿ ವಾಸರ್‌ಮನ್ ಷುಲ್ಟ್ಸ್ ರಾಜೀನಾಮೆ ನೀಡಬೇಕಾಯಿತು. ಕ್ಲಿಂಟನ್ ಅವರು ಮತದಾರರ ಬೆಂಬಲದಲ್ಲೂ ಮುಂದಿದ್ದರು. ಆದರೂ ಸೋತ ಸ್ಯಾಂಡರ್ಸ್ ಬಣದವರ ಮನಸ್ಸಿನಲ್ಲಿ ಮೋಸ ಹೋದೆವೆಂಬ ಭಾವನೆ ಉಳಿಯಿತು. 2018ರಲ್ಲಿ ನಿಯಮ ತಿದ್ದಿ, ಫಲಿತಾಂಶ ಅನಿಶ್ಚಿತವಾಗಿದ್ದಾಗ ಮಹಾಧಿವೇಶನದ ಮೊದಲ ಸುತ್ತಿನ ಮತದಾನದಲ್ಲಿ ಸೂಪರ್ ಡೆಲಿಗೇಟ್‌ಗಳು ಮತ ಹಾಕದಂತೆ ಮಾಡಿದ್ದು ಈ ಕಾರಣಕ್ಕಾಗಿಯೇ.

ಪಂಚಾಯಿತಿಕಟ್ಟೆಯ ಮೇಲೆ ನ್ಯಾಯ ಹೇಳಲು ಕುಳಿತವರು ಒಬ್ಬ ಕಕ್ಷಿದಾರನ ಪರ ಮಾತನಾಡಬಾರದು. ಕಟ್ಟೆಯಿಂದ ಇಳಿದು ಸಾಕ್ಷಿಯಾಗಿ ನಿಂತರೆ ಮಾತನಾಡಬಹುದು. ಕ್ಲೈಬರ್ನ್ ಮಾಡಿದ್ದು ಎರಡನೆಯದು. ಒಬಾಮ ಅವರ ಪರಿಸ್ಥಿತಿ ಬೇರೆಯಾಗಿತ್ತು. ಸೋತ ಬಣವನ್ನು ಸಮಾಧಾನಪಡಿಸಿ ಒಟ್ಟಿಗೆ ಕರೆತರುವ ಕೆಲಸ ಕೊನೆಗೆ ಅವರ ಪಾಲಿಗೇ ಬರುವಂತಿತ್ತು, ಮೊದಲೇ ಪಕ್ಷ ವಹಿಸಿದ್ದರೆ ಸ್ಯಾಂಡರ್ಸ್ ಬೆಂಬಲಿಗರು ಅವರ ಮಾತಿಗೆ ಕಿವಿಗೊಡುತ್ತಿರಲಿಲ್ಲ.

ಮದ್ದೂರಿನ ಓದುಗ:

ಹಿರಿಯರ ಮಾತಿಗೆ ನಾವು ಕಲ್ಪಿಸಿಕೊಳ್ಳುವಷ್ಟು ಬಲ ಯಾವಾಗಲೂ ಇರುವುದಿಲ್ಲ. 2003ರ ಡಿಸೆಂಬರಿನಲ್ಲಿ ಮಾಜಿ ಉಪಾಧ್ಯಕ್ಷ ಆಲ್ ಗೋರ್ ಅವರು ಅಧ್ಯಕ್ಷ ಸ್ಥಾನದ ಆಕಾಂಕ್ಷಿ ಹೋವರ್ಡ್ ಡೀನ್ ಪರ ನಿಂತರು; ಮರುತಿಂಗಳು ಅಯೋವಾದಲ್ಲಿ ಡೀನ್ ಮೂರನೆಯವರಾದರು. 2008ರಲ್ಲಿ ಹಿರಿಯ ಸೆನೆಟರ್ ಟೆಡ್ ಕೆನಡಿ ಒಬಾಮ ಅವರನ್ನು ಬೆಂಬಲಿಸಿದರೂ, ಕೆನಡಿ ಅವರ ಸ್ವಂತ ರಾಜ್ಯ ಮ್ಯಾಸಚೂಸೆಟ್ಸ್ ಹಿಲರಿ ಅವರನ್ನು ಆರಿಸಿತು. ನಮ್ಮ ಮಂಡ್ಯದಲ್ಲಿಯೇ 2019ರ ಲೋಕಸಭಾ ಚುನಾವಣೆಯಲ್ಲಿ ಎರಡು ಪಕ್ಷಗಳ ವರಿಷ್ಠರು ಸೇರಿ ಒಬ್ಬ ಅಭ್ಯರ್ಥಿಯನ್ನು ನಿಲ್ಲಿಸಿದರು, ಜನ ಪಕ್ಷೇತರರಾಗಿ ನಿಂತಿದ್ದ ಸುಮಲತಾ ಅವರನ್ನು 1,25,876 ಮತಗಳ ಅಂತರದಿಂದ ಗೆಲ್ಲಿಸಿದರು. ಆದುದರಿಂದ ಮತದಾರರ ಬಗ್ಗೆ ಇಷ್ಟು ಆತಂಕ ಬೇಡವೆಂದು ನನ್ನ ಅಭಿಪ್ರಾಯ.

ಮಾನಸಗಂಗೋತ್ರಿಯ ವಿದ್ಯಾರ್ಥಿನಿ:

ಎಲ್ಲರಿಗೂ ಧನ್ಯವಾದಗಳು. ಸಲಹೆ ಮತ್ತು ತೀರ್ಪಿನ ನಡುವೆ ವಕೀಲರು ತೋರಿಸಿದ ವ್ಯತ್ಯಾಸ ನನಗೆ ಒಪ್ಪಿಗೆಯಾಗಿದೆ. ಇನ್ನೊಂದು ಸಂಶಯವಿದೆ. 2014ರಲ್ಲಿ ಕಾಂಗ್ರೆಸ್ ಪಕ್ಷ ಬೆಂಗಳೂರು ಉತ್ತರ ಮತ್ತು ದಕ್ಷಿಣ ಕನ್ನಡ ಕ್ಷೇತ್ರಗಳಲ್ಲಿ ಪ್ರೈಮರಿಯ ಪ್ರಯೋಗ ನಡೆಸಿತ್ತು. ಅಂಥ ಕಡೆಯೂ ಹಿರಿಯರು ಬಹಿರಂಗವಾಗಿ ಬೆಂಬಲ ಘೋಷಿಸಬಹುದೇ?

ನಿವೃತ್ತ ಅಧ್ಯಾಪಕ, ಮಂಡ್ಯ:

ಅಲ್ಲಿ ನಾನು ಬೇಡವೆನ್ನುತ್ತೇನೆ. ಆ ಪ್ರಯೋಗದಲ್ಲಿ ಮತ ಹಾಕಿದವರು ಸಾಮಾನ್ಯ ಜನರಲ್ಲ. ಪಕ್ಷದ ಪದಾಧಿಕಾರಿಗಳು, ಸ್ಥಳೀಯ ಸಂಸ್ಥೆಗಳಲ್ಲಿದ್ದ ಪಕ್ಷದ ಪ್ರತಿನಿಧಿಗಳು ಮುಂತಾದವರು. ದಕ್ಷಿಣ ಕನ್ನಡದಲ್ಲಿ ಜನಾರ್ದನ ಪೂಜಾರಿ ಅವರು ಆಗಿನ ಕೇಂದ್ರ ಸಚಿವರ ಮಗನನ್ನೇ ಸೋಲಿಸಿ ಗೆದ್ದರೆಂಬುದು ನಿಜ, ಹಾಗಾಗಿ ಅಂಥವರೆಲ್ಲ ದೊಡ್ಡವರ ಮಾತಿಗೆ ತಲೆಬಾಗುತ್ತಾರೆಂದು ಹೇಳಲಾರೆ. ಆದರೂ ಸೌತ್ ಕ್ಯಾರೊಲಿನಾದ ಆ ವೃದ್ಧೆಗೆ ಕ್ಲೈಬರ್ನ್ ಅವರಿಂದ ಆಗಬೇಕಾದ ಕೆಲಸವೇನೂ ಇರಲಿಲ್ಲ, ಮತಪೆಟ್ಟಿಗೆಯ ಮುಂದೆ ಅವರನ್ನು ಮರೆತು ತಮಗೆ ಬೇಕಾದವರನ್ನು ಆರಿಸಬಹುದಿತ್ತು. ನಮ್ಮ ಬ್ಲಾಕ್ ಅಧ್ಯಕ್ಷರ ಮುಂದಿನ ಹುದ್ದೆ, ಅವರ ತಮ್ಮನ ತಾಲ್ಲೂಕು ಪಂಚಾಯಿತಿ ಟಿಕೆಟ್, ಎಲ್ಲವೂ ಅದೇ ಹಿರಿಯರ ಕೈಯಲ್ಲಿರುತ್ತವೆ. ಅಯೋವಾದ ಕಾಕಸ್ ಎಂಬ ಪಕ್ಷದ ಸಭೆಗಳಲ್ಲಿ ಡೆಮಾಕ್ರಟಿಕ್ ಮತದಾರರು 2020ರವರೆಗೂ ನೆರೆಹೊರೆಯವರ ಕಣ್ಣೆದುರೇ ಗುಂಪುಗೂಡಿ ನಿಂತು ತಮ್ಮ ಆಯ್ಕೆಯನ್ನು ತೋರಿಸಬೇಕಾಗಿತ್ತು. ಅಲ್ಲಿಯೂ ನನಗೆ ಇದೇ ಅಳುಕಿದೆ. ಮುಂದೆ ಎಂದಾದರೂ ನಮ್ಮ ಪಕ್ಷಗಳು ಪ್ರೈಮರಿ ನಡೆಸುವುದಾದರೆ, ಮತ ಹಾಕುವವರ ಪಟ್ಟಿಯನ್ನು ಸಾಮಾನ್ಯ ಸದಸ್ಯರವರೆಗೆ ವಿಸ್ತರಿಸಿ ರಹಸ್ಯ ಮತದಾನವನ್ನು ಖಚಿತಪಡಿಸಲಿ. ಆಮೇಲೆ ಹಿರಿಯರು ಧಾರಾಳವಾಗಿ ಬಾಯಿಬಿಟ್ಟು ಹೇಳಲಿ.