ಚರಕ ಹೋತು, ಇನ್ನ ಖಾದಿನೂ ಹೋಗಬೇಕೇನ್ರಿ?

ಗರಗದ ನೂಲು:
ಶಾಲಿಗೆ ಪಾಲಿಯೆಸ್ಟರ್ ಝಂಡಾ ನಡಿತೈತೇನು ಅಂತ ನಿನ್ನೆ ಇಲ್ಲೆ ಒಬ್ರು ಕೇಳಿದ್ರು. ಕಾಯ್ದೆಪ್ರಕಾರ ನಡಿತೈತಿ. 2021ರ ಡಿಸೆಂಬರ್ 30ಕ್ಕ ರಾಷ್ಟ್ರಧ್ವಜದ ನಿಯಮ ಇರೋ ಧ್ವಜಸಂಹಿತೆ ತಿದ್ದಿ ಪಾಲಿಯೆಸ್ಟರ್‌ಗೂ ಯಂತ್ರದಾಗ ಮಾಡಿದ್ದಕ್ಕೂ ಒಪ್ಪಿಗಿ ಕೊಟ್ಟಾರ. ಆದ್ರ ತಗೋಬ್ಯಾಡ್ರಿ ಅಂತೀನಿ ನಾ. 1931ರ ಕಾಂಗ್ರೆಸ್ ಝಂಡಾದ ನಡುವ ಚರಕ ಇತ್ತು. 1947ರ ಜುಲೈ 22ಕ್ಕ ಸಂವಿಧಾನ ಸಭೆ ಅದರ ಜಾಗಾದಾಗ ಸಾರನಾಥದ ಚಕ್ರ ಇಟ್ಟಿತು. ಚಿತ್ರದಿಂದ ಹೋದ ಚರಕ ಅರಿವ್ಯಾಗ ಉಳೀತು, ಕೈಲೆ ನೂತ ನೂಲಾಗಿ. ಅದನ್ನೂ ಬಿಟ್ರ ಉಳಿಯೋದು ಬರೇ ಬಣ್ಣ.

ಹಾವೇರಿ ಓದುಗ:
ಚರಕ ತಗದದ್ದು ಬ್ಯಾಡಾಗಿ ಅಲ್ರಿ. ಚರಕಕ್ಕ ಒಂದು ಕಡೆ ಗಾಲಿ, ಇನ್ನೊಂದು ಕಡೆ ಕದಿರು. ಝಂಡಾದ ಹಿಂದ ನಿಂತು ನೋಡಿದ್ರ ತಿರುವುಮುರುವು ಕಾಣ್ತದ. ಎರಡೂ ಮಗ್ಗಲ ಒಂದೇ ಥರ ಕಾಣಬೇಕು ಅಂತ ನೆಹರೂ ಸಭೆಯೊಳಗ ಬಿಡಿಸಿ ಹೇಳಿದ್ರು. ಅರ್ಥ ಇರೋದು ವಿನ್ಯಾಸದಾಗ. ಬಣ್ಣದ ಅರ್ಥನೂ ಒಂದೇ ಉಳಿದಿಲ್ಲ. 1921ರಾಗ ಕೆಂಪು ಹಿಂದೂಗಳದು, ಹಸಿರು ಮುಸ್ಲಿಮರದು, ಬಿಳಿ ಉಳಿದವರದು ಅಂತಿತ್ತು. ಹತ್ತು ವರ್ಷದಾಗ ಕಾಂಗ್ರೆಸ್ಸೇ ಇದು ಧರ್ಮದ ಲೆಕ್ಕ ಅಲ್ಲ ಅಂತ ಠರಾವು ಮಾಡ್ತು. ಅರ್ಥ ಬದಲಾಗೋ ಹಂಗಿದ್ರ ಅರಿವಿ ಯಾಕ ಬದಲಾಗಬಾರದು? ಬಡ ಮನಿಯವರೂ ಒಂದು ಝಂಡಾ ಕೊಳ್ಳಲಿ.

ಗರಗದ ನೂಲು:
ಉಪ್ಪಿನ ಸತ್ಯಾಗ್ರಹಕ್ಕ ಗಾಂಧೀಜಿ ಜೋಡಿ ದಂಡಿಗೆ ನಡೆದ ಮೈಲಾರ ಮಹದೇವಪ್ಪನವರ ಜಿಲ್ಲೆಯವರು ನೀವು, ಹಿಂಗ ಅಂದ್ರ ಹೆಂಗ್ರಿ? ಖಾದಿ ಅವರಿಗೆ ಬರೇ ಅರಿವಿ ಆಗಿರಲಿಲ್ಲ. ಮನಿಗೆ ಸಣ್ಣದು ಯಾವುದರ ಹಾರಿಸಲಿ, ನನ್ನ ತಕರಾರಿಲ್ಲ. ಶಾಲಿ, ಪಂಚಾಯತಿ ಕಂಬಕ್ಕ ಖಾದಿನೇ ಇರಬೇಕು. ಧಾರವಾಡ ಜಿಲ್ಲೆಯ ನೇಕಾರರ ಅನ್ನ ಅದು.

ಬೆಂಗೇರಿ ಓಣಿ:
ಅರಿವಿ ಯಾವುದರ ಇರಲಿ, ಮೊದಲ ಟೇಪ್ ಹಿಡೀರಿ. ಶಾಲಿಗೆ 900×600 ಮಿಲಿಮೀಟರ್ ತಂದ್ರ ಒಂದೊಂದು ಪಟ್ಟಿ 200, ಚಕ್ರದ ವ್ಯಾಸ 185. ಅಂದ್ರ ಬಿಳಿ ಪಟ್ಟ್ಯಾಗ ಚಕ್ರದ ಮ್ಯಾಲ ಏಳೂವರೆ, ಕೆಳಗ ಏಳೂವರೆ ಮಿಲಿಮೀಟರ್ ಅಷ್ಟೇ ಜಾಗಾ. ಸಂತ್ಯಾಗ ಮಾರೋವು ಬಾಳ ಸಲ ಇಲ್ಲೇ ತಪ್ಪತಾವ: ಚಕ್ರ ಸಣ್ಣದು, ಇಲ್ಲಾ ತತ್ತಿ ಆಕಾರ, ಕಡ್ಡಿ ಎಣಿಸಿದ್ರ 24 ಇಲ್ಲ.
ಆಮ್ಯಾಲ ಬಿಸಲಿಗೆ ಹಿಡದು ನೋಡ್ರಿ. ಎರಡೂ ಮಗ್ಗಲ ಚಾಪಿಸಿದ ಚಕ್ರ ಒಂದರ ಮ್ಯಾಲೊಂದು ಸರಿಯಾಗಿ ಕೂಡಬೇಕು. ಕೂದಲೆಳಿಯಷ್ಟು ಸರಿದಿದ್ರೂ ಕಡ್ಡಿಗೋಳ ನಡುವ ನೀಲಿ ನೆರಳು ಬೀಳತೈತಿ. ಹುಬ್ಬಳ್ಳಿ ಬೆಂಗೇರಿಯ ಖಾದಿ ಸಂಘದಾಗ ತಯಾರಾಗೋ ಝಂಡಾಗೋಳು ಐಎಸ್ 1 ಅನ್ನೋ ಸರಕಾರಿ ಮಾನಕದ ಪ್ರಕಾರ ಪರೀಕ್ಷೆ ಆಗ್ತಾವ. ತೊಳೆದ್ರ, ಬಿಸಲಾಗ ಇಟ್ರ ಬಣ್ಣ ನಿಲ್ಲತೈತೋ ಇಲ್ಲೋ ಅದೂ ನೋಡ್ತಾರ.

ಕೆಲಗೇರಿ ಜಿಟಿಜಿಟಿ:
ಆಗಸ್ಟ್‌ನ್ಯಾಗ ಧಾರವಾಡದ ಮಳಿ ಗೊತ್ತಲ್ರಿ. ಖಾದಿ ನೀರು ಕುಡದು ಭಾರ ಆಗಿ ಕಂಬಕ್ಕ ಸುತ್ತಿಕೋತದ. ಪಾಲಿಯೆಸ್ಟರ್ ಲಗೂ ಆರ್ತದ. ಇದೊಂದು ಮಾತಿಗೆ ಹಾವೇರಿಯವರ ಕಡೆ ನಾನು.

ಬೆಂಗೇರಿ ಓಣಿ:
ಖರೆ. ಆದ್ರ ಇಳಿಸಿದ ಮ್ಯಾಲ ಹಸೀದು ಮಡಚಿ ಟ್ರಂಕಿನ್ಯಾಗ ಇಟ್ರ ಖಾದಿ ಬೂಷ್ಟು ಹಿಡಿತೈತಿ, ಕಳಪೆ ಬಣ್ಣದ್ದಾಗಿದ್ರ ಕೇಸರಿ ಬಿಳಿಗೆ ಇಳಿತೈತಿ. ನೆರಳಾಗ ಹರವಿ ಪೂರಾ ಒಣಗಿಸ್ರಿ. ಏರಿಸೋವಾಗ ಅಂಚಿನ ದಪ್ಪ ಬಟ್ಟಿ ಒಳಗಿನ ಹಗ್ಗದ ತುದಿಗೆ ಕಟ್ಟಿಗಿ ಗುಂಡಿ ಇರತೈತಿ, ಅದು ಕೇಸರಿ ಕಡೆಯದು. ಅದನ್ನ ಮ್ಯಾಲಿನ ಹಗ್ಗಕ್ಕ ಸಿಗಿಸಿದ್ರ ತಲಿಕೆಳಗ ಆಗೂ ಮಾತಿಲ್ಲ. ಹೂವು ಕಟ್ಟೋರು ಜಾರುಗಂಟು ಹಾಕ್ರಿ. ಕಗ್ಗಂಟಾದ್ರ ಅಧ್ಯಕ್ಷರು ಎಷ್ಟು ಜಗ್ಗಿದ್ರೂ ಬಿಚ್ಚಂಗಿಲ್ಲ, ಹಸಿ ಹಗ್ಗ ಇದ್ರಂತೂ ಇನ್ನೂ ಬಿಗಿತೈತಿ.

ಹಾವೇರಿ ಓದುಗ:
ಶಾಲಿ ಕಂಬಕ್ಕ ಖಾದಿ ಅನ್ನೋದು ಒಪ್ಪಿದೆ. ಹರಿದದ್ದನ್ನ ಏನು ಮಾಡಬೇಕು?

ಗರಗದ ನೂಲು:
ಹರಿದದ್ದು ಏರಿಸಬಾರದು, ಒರಸಾಕೂ ಬಳಸಬಾರದು. ಯಾರೂ ಇಲ್ಲದ ಕಡೆ, ಮರ್ಯಾದಿಲೆ, ಇಡೀದಾಗಿ ಸುಡಬಹುದು ಅಂತ ಸಂಹಿತೆನೇ ಹೇಳತೈತಿ. ಖಾದಿ ಸುಟ್ರ ಬೂದಿ ಆಗತೈತ್ರಿ. ಪಾಲಿಯೆಸ್ಟರ್ ಕರಗಿ ಕರಿ ಮುದ್ದಿ ಆಗಿ ನೆಲಕ್ಕ ಅಂಟತೈತಿ.